ಔಟ್‌ಬೋರ್ಡ್ ಎಂಜಿನ್ ‘ಟಕ್’ ಎಂದು ಸುಮ್ಮನಾದರೆ ಬ್ಯಾಟರಿ ಹೋಯಿತು ಎಂದರ್ಥವೇ?

ಕೀ ತಿರುಗಿಸುತ್ತೀರಿ. ‘ಟಕ್’ ಎಂಬ ಒಂದು ಸದ್ದು, ಆಮೇಲೆ ಏನೂ ಇಲ್ಲ. ದೋಣಿಯಲ್ಲಿದ್ದವರು ಹೇಳುವುದು ಒಂದೇ ಮಾತು: “ಬ್ಯಾಟರಿ ಹೋಯಿತು.” ಹೊಸ ಬ್ಯಾಟರಿ ತಂದು ಹಾಕಿದರೂ ಕೆಲವೊಮ್ಮೆ ಮತ್ತೆ ಅದೇ ‘ಟಕ್’. ಹಾಗಾದರೆ ತಪ್ಪು ಎಲ್ಲಿದೆ?

ಇನ್ನಂಜೆಯಿಂದ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರ್ ಹೋದರೆ ಕಡಲು. ದೋಣಿಯ ಹಿಂಬದಿಗೆ ತಗುಲಿಸುವ ಔಟ್‌ಬೋರ್ಡ್ ಎಂಜಿನ್ ಕಾಪು, ಮಲ್ಪೆಯವರಿಗೆ ಹೊಸತಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟ್‌ಗಳಿಗೆ ನಿಷೇಧವಿರುವಾಗ, 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಕಡಲಿಗಿಳಿಯಲು ಅವಕಾಶವಿದೆ. ಅವುಗಳ ಸಣ್ಣ ಎಂಜಿನ್‌ಗಳನ್ನು ಹೆಚ್ಚಾಗಿ ಹಗ್ಗ ಎಳೆದೇ ಸ್ಟಾರ್ಟ್ ಮಾಡುತ್ತಾರೆ. ದೊಡ್ಡ ಔಟ್‌ಬೋರ್ಡ್‌ಗಳಿಗೆ ಬೈಕಿನಲ್ಲಿರುವಂತೆ ‘ಸೆಲ್ಫ್’, ಅಂದರೆ ಬ್ಯಾಟರಿಯಿಂದ ತಿರುಗುವ ಸ್ಟಾರ್ಟರ್ ಮೋಟಾರ್ ಇರುತ್ತದೆ. ಅಳಿವೆಯ ಬಾಯಲ್ಲಿ ಎಂಜಿನ್ ನಿಂತು ಸೆಲ್ಫ್ ಕೈಕೊಟ್ಟರೆ ದೋಣಿ ಅಲೆಗೆ ಅಡ್ಡ ತಿರುಗಬಹುದು. ಆದ್ದರಿಂದ ಇದು ಬರೀ ರಿಪೇರಿ ಖರ್ಚಿನ ಪ್ರಶ್ನೆಯಲ್ಲ.

ಕರೆಂಟಿಗೆ ಎರಡು ದಾರಿ

ಕೀ ತಿರುಗಿಸಿದಾಗ ಮೊದಲು ಸಣ್ಣ ಕರೆಂಟ್ ಹರಿಯುತ್ತದೆ. ಅದು ಫ್ಯೂಸ್, ಕೀ, ಗೇರ್ ನ್ಯೂಟ್ರಲ್‌ನಲ್ಲಿದೆಯೇ ಎಂದು ನೋಡುವ ಸ್ವಿಚ್ ಇವನ್ನೆಲ್ಲ ದಾಟಿ ಸೊಲೆನಾಯ್ಡ್ ಎಂಬ ಭಾಗವನ್ನು ತಲುಪುತ್ತದೆ. ಸೊಲೆನಾಯ್ಡ್ ಒಂದು ಕಾಂತೀಯ ಸ್ವಿಚ್. ಅದು ಎಳೆದುಕೊಂಡಾಗ ಬರುವ ಸದ್ದೇ ‘ಟಕ್’. ಆಗ ಎರಡನೆಯ ದಾರಿ ತೆರೆದು, ದಪ್ಪ ಕೇಬಲ್‌ಗಳ ಮೂಲಕ ನೂರಕ್ಕೂ ಹೆಚ್ಚು ಆಂಪಿಯರ್ ಕರೆಂಟ್ ಸ್ಟಾರ್ಟರ್‌ಗೆ ನುಗ್ಗಬೇಕು.

ಹಾಗಾಗಿ ಸದ್ದನ್ನು ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ. ಸದ್ದೇ ಇಲ್ಲದಿದ್ದರೆ ಫ್ಯೂಸ್, ಕೀ, ನ್ಯೂಟ್ರಲ್ ಸ್ವಿಚ್ ನೋಡಿ. ‘ಟಕಟಕಟಕ’ ಎಂದರೆ ಬ್ಯಾಟರಿಯಲ್ಲಿ ಚಾರ್ಜ್ ಕಡಿಮೆ ಇರುವ ಸಾಧ್ಯತೆ ಹೆಚ್ಚು. ಒಂದೇ ‘ಟಕ್’ ಆದರೆ ಅನುಮಾನ ಹೋಗಬೇಕಾದ್ದು ದಪ್ಪ ಕೇಬಲ್‌ಗಳ ಜೋಡಣೆ, ಸೊಲೆನಾಯ್ಡ್‌ನ ಒಳಗಿನ ಕಾಂಟ್ಯಾಕ್ಟ್ ಮತ್ತು ಸ್ಟಾರ್ಟರ್ ಕಡೆಗೆ. ಸ್ಟಾರ್ಟರ್ ಚೆನ್ನಾಗಿ ತಿರುಗಿಯೂ ಎಂಜಿನ್ ಹತ್ತದಿದ್ದರೆ ಕಾರಣ ಬೇರೆ: ತುರ್ತಾಗಿ ಎಂಜಿನ್ ನಿಲ್ಲಿಸುವ ಕೆಂಪು ಹುರಿಯ ಕ್ಲಿಪ್ ಕಳಚಿರಬಹುದು, ಪೆಟ್ರೋಲ್ ಬರುತ್ತಿಲ್ಲದಿರಬಹುದು, ಪ್ಲಗ್‌ನಲ್ಲಿ ಕಿಡಿ ಇಲ್ಲದಿರಬಹುದು.

“ಲೈಟ್ ಉರಿಯುತ್ತಿದೆಯಲ್ಲ!”

ದಾರಿ ತಪ್ಪಿಸುವ ನಂಬಿಕೆ ಇದು. ಒಂದು ಜೋಡಣೆಯಲ್ಲಿ ತುಕ್ಕು ಹಿಡಿದು 0.02 ಓಮ್‌ನಷ್ಟು ಅಡೆತಡೆ ಹುಟ್ಟಿದೆ ಎಂದುಕೊಳ್ಳಿ. 1 ಆಂಪಿಯರ್ ಎಳೆಯುವ ದೀಪಕ್ಕೆ ಅಲ್ಲಿ ನಷ್ಟವಾಗುವುದು 0.02 ವೋಲ್ಟ್ ಮಾತ್ರ. ದೀಪ ಪ್ರಕಾಶಮಾನವಾಗಿಯೇ ಉರಿಯುತ್ತದೆ. 150 ಆಂಪಿಯರ್ ಹರಿಯಬೇಕಾದಾಗ ಅದೇ ಜಾಗದಲ್ಲಿ 3 ವೋಲ್ಟ್ ಕರಗಿಹೋಗುತ್ತದೆ. ಗದ್ದೆಯ ಹುಣಿಯಲ್ಲಿ ಸೈಕಲ್ ಹೋಯಿತೆಂದು ಲಾರಿಯೂ ಹೋಗುತ್ತದೆಯೇ?

ಆ ಅಡೆತಡೆ ಹುಟ್ಟಿಸುವುದು ಉಪ್ಪು. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಉಪ್ಪಿನ ತೇವ ತಾಮ್ರದ ತಂತಿಯನ್ನು ಹಸಿರುಗಟ್ಟಿಸುತ್ತದೆ. ಅದು ಪ್ಲಾಸ್ಟಿಕ್ ಹೊದಿಕೆಯ ಒಳಗೂ ಹರಿದು ಹೋಗುವುದರಿಂದ ಹೊರಗಿನಿಂದ ನೋಡಿದರೆ ಕೇಬಲ್ ಚೆನ್ನಾಗಿಯೇ ಕಾಣುತ್ತದೆ.

ಅಳೆದು ನೋಡುವುದು ಹೇಗೆ?

ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಗೇರ್ ನ್ಯೂಟ್ರಲ್‌ನಲ್ಲಿರಲಿ, ಫ್ಯಾನ್ ಬಳಿ ಯಾರೂ ಇರಬಾರದು. ಕೆಲವು ಗಂಟೆ ಸುಮ್ಮನಿದ್ದ, ಪೂರ್ತಿ ಚಾರ್ಜ್ ಆದ ಮಾಮೂಲಿ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12 ವೋಲ್ಟ್ ಕಂಡರೆ ‘ಹನ್ನೆರಡು ಇದೆಯಲ್ಲ’ ಎಂದು ಸಮಾಧಾನಪಡಬೇಡಿ. ಅದರಲ್ಲಿ ಉಳಿದಿರುವುದು ಕಾಲು ಭಾಗದಷ್ಟು ಚಾರ್ಜ್.

ಈಗ ಇನ್ನೊಬ್ಬರು ಕೀ ತಿರುಗಿಸುವಾಗಲೇ ಅಳೆಯಿರಿ. ಬ್ಯಾಟರಿ 9.6 ವೋಲ್ಟ್‌ಗಿಂತ ಕೆಳಗೆ ಕುಸಿದರೆ ಮೊದಲು ಚಾರ್ಜ್ ಮಾಡಿ. ಮತ್ತೂ ಕುಸಿದರೆ ಬ್ಯಾಟರಿ ಸೋತಿದೆ, ಇಲ್ಲವೇ ಸ್ಟಾರ್ಟರ್ ಬಿಗಿಯಾಗಿ ಅತಿ ಹೆಚ್ಚು ಕರೆಂಟ್ ಎಳೆಯುತ್ತಿದೆ. ಕುಸಿಯದಿದ್ದರೆ ಮೀಟರ್‌ನ ಒಂದು ತುದಿಯನ್ನು ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದನ್ನು ಸ್ಟಾರ್ಟರ್‌ಗೆ ಕೇಬಲ್ ಸೇರುವಲ್ಲಿಗೆ ಹಿಡಿದು ಮತ್ತೆ ಕೀ ತಿರುಗಿಸಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ಕಂಡರೆ ನಷ್ಟ ಆ ದಾರಿಯಲ್ಲೇ ಇದೆ. ಬ್ಯಾಟರಿಯ ಮೈನಸ್ ಮತ್ತು ಎಂಜಿನ್‌ನ ಲೋಹದ ಮೈ ನಡುವೆಯೂ ಹೀಗೆಯೇ ನೋಡಿ. ಎರಡೂ ಕಡೆ ನಷ್ಟವಿಲ್ಲದೆ ಸ್ಟಾರ್ಟರ್ ತಿರುಗದಿದ್ದರೆ ಮಾತ್ರ ಸ್ಟಾರ್ಟರ್ ಬಿಚ್ಚುವ ಮಾತು.

ಮಾಡಬಾರದ್ದು, ಮಾಡಬೇಕಾದ್ದು

ಸ್ಕ್ರೂಡ್ರೈವರ್ ಅಡ್ಡ ಹಿಡಿದು ಸೊಲೆನಾಯ್ಡ್ ದಾಟಿಸುವುದನ್ನು ನೀವು ನೋಡಿರಬಹುದು. ಹಾಗೆ ಮಾಡಿದರೆ ನ್ಯೂಟ್ರಲ್ ಸ್ವಿಚ್‌ನ ರಕ್ಷಣೆ ತಪ್ಪುತ್ತದೆ. ಗೇರ್‌ನಲ್ಲಿದ್ದರೆ ದೋಣಿ ಒಮ್ಮೆಲೇ ಮುನ್ನುಗ್ಗಿ ಜನರನ್ನು ನೀರಿಗೆ ಕೆಡವಬಹುದು. ಚಾರ್ಜ್ ಆಗುವ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ, ಹತ್ತಿರದಲ್ಲೇ ಪೆಟ್ರೋಲ್ ಆವಿಯೂ ಇರುತ್ತದೆ. ಒಂದು ಕಿಡಿ ಸಾಕು. ಫ್ಯೂಸ್ ಪದೇ ಪದೇ ಹೋದರೆ ದೊಡ್ಡ ಫ್ಯೂಸ್ ಹಾಕುವುದೂ ಬೆಂಕಿಗೆ ಆಹ್ವಾನವೇ.

ಜೋಡಣೆ ಬಿಚ್ಚುವಾಗ ಮೊದಲು ಮೈನಸ್ ಕೇಬಲ್ ತೆಗೆಯಿರಿ, ಹಾಕುವಾಗ ಕೊನೆಗೆ ಹಾಕಿ. ಬ್ಯಾಟರಿಯ ತುದಿಗಳನ್ನು ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆಯಿರಿ (ಬ್ಯಾಟರಿಯ ಒಳಗೆ ಹೋಗಬಾರದು), ಒಣಗಿಸಿ, ಉಜ್ಜಿ, ಸ್ಪ್ಯಾನರ್‌ನಿಂದ ಬಿಗಿ ಮಾಡಿ. ಗ್ರೀಸ್ ಹಚ್ಚುವುದು ಬಿಗಿ ಮಾಡಿದ ಮೇಲೆ. ಒಳಗೆ ಹಸಿರುಗಟ್ಟಿದ ಕೇಬಲನ್ನು ಉಜ್ಜಿ ಪ್ರಯೋಜನವಿಲ್ಲ, ಬದಲಿಸಬೇಕು. ತವರ ಲೇಪಿಸಿದ ತಾಮ್ರದ ಕೇಬಲ್ ಉಪ್ಪಿಗೆ ಹೆಚ್ಚು ಕಾಲ ತಾಳುತ್ತದೆ.

ಇಷ್ಟೆಲ್ಲ ದಡದಲ್ಲಿ ಮಾಡುವ ಕೆಲಸ. ಕಡಲಲ್ಲಿ ಎಂಜಿನ್ ಸುಮ್ಮನಾದರೆ ಮೊದಲು ಲಂಗರು ಹಾಕಿ, ಆಮೇಲೆ ಕ್ಲಿಪ್, ಗೇರ್, ಬ್ಯಾಟರಿ ತುದಿಗಳನ್ನು ನೋಡಿ. ನಿಮ್ಮ ಎಂಜಿನ್ನನ್ನು ಹಗ್ಗದಿಂದಲೂ ಎಬ್ಬಿಸಬಹುದೇ ಎಂದು ಹೊರಡುವ ಮೊದಲೇ ತಿಳಿದಿರಲಿ. ಅಪಾಯವೆನಿಸಿದರೆ ಕೋಸ್ಟ್ ಗಾರ್ಡ್‌ನ 1554 ಸಂಖ್ಯೆಗೆ ಕರೆ ಮಾಡಿ. ಹೊಸ ಬ್ಯಾಟರಿ ಕೊಳ್ಳುವ ಯೋಚನೆ ದಡ ಸೇರಿ, ಮೀಟರ್ ಹಿಡಿದು ನೋಡಿದ ಮೇಲೆ ಇರಲಿ.