ಬೆಳ್ಳಿಗೆ ದರವಿದೆ, ಕೈಗೆ ಏಕಿಲ್ಲ?

ನಮ್ಮ ಕಡೆ ಮದುವೆಯ ಮಾತುಕತೆ ನಡೆದರೆ ಬೇಗನೆ ಕೇಳಿಬರುವ ಪ್ರಶ್ನೆ 'ಎಷ್ಟು ತೊಲೆ?' ಎಂಬುದು. ಒಡವೆಯನ್ನು ಯಾರು ಮಾಡಿದರು, ಅದಕ್ಕೆ ಎಷ್ಟು ದಿನ ಹಿಡಿಯಿತು ಎಂದು ಕೇಳುವವರಿಲ್ಲ. ಒಡವೆಯೆಂದರೆ ಬಂಗಾರ, ಬಂಗಾರವೆಂದರೆ ತೂಕ. ಈ ಲೆಕ್ಕ ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕುಳಿತಿದೆ. ಅದರಿಂದಾಗಿಯೇ ನಮ್ಮ ಜಿಲ್ಲೆಯ ಹೆಸರು ಹೊತ್ತ ಕಲೆಯೊಂದು ನಮ್ಮ ಕಣ್ಣೆದುರಿನಲ್ಲೇ ಸೊರಗುತ್ತಿದೆ.

ಕೊಡಂಬಲದ ಸೀಮೆಯವರಾದ ನಮಗೆ ಒಂದು ಕಡೆ ಬಸವಕಲ್ಯಾಣ, ಇನ್ನೊಂದು ಕಡೆ ಬೀದರ್. ಎರಡರ ಬಗೆಗೂ ನಾವು ಎದೆಯುಬ್ಬಿಸಿ ಮಾತಾಡುತ್ತೇವೆ. ಬಹಮನಿ ಸುಲ್ತಾನರ ಕಾಲದಿಂದ ಬಂದದ್ದು ಎಂದು ಬಿದರಿಯನ್ನು ನೆಂಟರೆದುರು ಹೊಗಳುತ್ತೇವೆ. ಹುಕ್ಕಾ, ಸುರಾಹಿ, ಪಾನ್‌ದಾನ್‌ಗಳನ್ನು ಬಳಸುವವರು ಈಗ ಕಡಿಮೆ. ಆದ್ದರಿಂದ ಬಿದರಿಯ ಕುಶಲಕರ್ಮಿಗಳು ಕಿವಿಯೋಲೆ, ಪದಕ, ಬಳೆ, ಉಂಗುರಗಳನ್ನೂ ಮಾಡುತ್ತಿದ್ದಾರೆ. ಆದರೆ ಹೊಗಳುವ ನಮ್ಮಲ್ಲಿ ಎಷ್ಟು ಜನ ಅದನ್ನು ಮಗಳ ಮದುವೆಗೆ ಕೊಂಡಿದ್ದೇವೆ?

ಒಂದು ಬಿದರಿ ಪದಕ ಹೇಗೆ ಆಗುತ್ತದೆ ನೋಡಿ. ಸತುವಿನ ಪಾಲೇ ಹೆಚ್ಚಾಗಿರುವ, ಸ್ವಲ್ಪ ತಾಮ್ರ ಬೆರೆತ ಮಿಶ್ರಲೋಹವನ್ನು ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯಬೇಕು. ಅರದಿಂದ ಉಜ್ಜಿ ನುಣುಪು ಮಾಡಬೇಕು. ಗೀಚಿದ ಗೆರೆ ಕಾಣುವಂತೆ ಮೈಲುತುತ್ತದ ನೀರು ಸವರಿ ಕಪ್ಪಾಗಿಸಬೇಕು. ಸಣ್ಣ ಉಳಿಯಿಂದ ಹೂಬಳ್ಳಿಯನ್ನು ಕೊರೆದು, ಆ ಗೆರೆಯೊಳಗೆ ಬೆಳ್ಳಿಯ ಎಳೆಯನ್ನು ಕೂಡಿಸಿ ಸುತ್ತಿಗೆಯಿಂದ ಮೆಲ್ಲಗೆ ಬಡಿಯಬೇಕು. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿದ ನೀರಿನಲ್ಲಿ ಅದನ್ನು ಹದ ಮಾಡಬೇಕು. ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಇಷ್ಟೆಲ್ಲ ಆಗುವುದು ಕಣ್ಣು ಕೀಲಿಸಿ, ಬೆನ್ನು ಬಾಗಿಸಿ, ಲೋಹದ ಧೂಳಿನ ನಡುವೆ ಕುಳಿತಾಗ.

ಇಂಥ ಪದಕವನ್ನು ಕೈಗೆತ್ತಿಕೊಂಡು ನಾವು ಹೇಳುವ ಮಾತೇನು? 'ಇದರಲ್ಲಿ ಬೆಳ್ಳಿ ಎಷ್ಟಿದೆ ಮಹಾ? ಸ್ವಲ್ಪ ಕಡಿಮೆ ಮಾಡಿಕೊಳ್ಳಿ.' ಕಡಿಮೆ ಮಾಡುವುದಾದರೂ ಎಲ್ಲಿಂದ? ಸತುವಿಗೆ ಪೇಟೆಯ ದರವಿದೆ. ಬೆಳ್ಳಿಗೂ ಇದೆ, ಈಚಿನ ವರ್ಷಗಳಲ್ಲಿ ಅದು ವಿಪರೀತ ಏರಿಯೂ ಇದೆ. ಅಂಗಡಿಯವನು ತನ್ನ ಲಾಭ ಬಿಡುವುದು ಅಪರೂಪ. ಉಳಿದದ್ದು ಕೈಯ ಕೂಲಿ ಒಂದೇ. ನಾವು ಚೌಕಾಸಿ ಮಾಡಿ ಗೆದ್ದೆವೆಂದು ಬೀಗುವ ರೂಪಾಯಿಗಳು ಆ ಕೂಲಿಯಿಂದಲೇ ಕಿತ್ತ ರೂಪಾಯಿಗಳು.

ಬಂಗಾರ ಕಷ್ಟಕಾಲಕ್ಕೆ ಆಗುತ್ತದೆ, ಬಿದರಿಯನ್ನು ಅಡವಿಡಲು ಬರುತ್ತದೆಯೇ ಎಂದು ಕೆಲವರು ಕೇಳಬಹುದು. ಮಾತು ನಿಜ. ಆದರೆ ಅದು ಉಳಿತಾಯದ ಮಾತು, ಒಡವೆಯ ಮಾತಲ್ಲ. ಉಳಿತಾಯಕ್ಕೆ ಬ್ಯಾಂಕಿದೆ, ಅಂಚೆ ಕಚೇರಿಯಿದೆ. ಬಂಗಾರದ ಅಂಗಡಿಯಲ್ಲಿ ಮೇಕಿಂಗ್ ಚಾರ್ಜನ್ನು ಕೂಡ ಬಂಗಾರದ ತೂಕದ ಮೇಲೋ ಬೆಲೆಯ ಮೇಲೋ ಲೆಕ್ಕ ಹಾಕುತ್ತಾರೆ. ದುಡಿಮೆಯನ್ನೂ ಲೋಹದ ತಕ್ಕಡಿಯಲ್ಲಿ ತೂಗುವುದನ್ನು ನಾವು ಕಲಿತದ್ದು ಅಲ್ಲಿಯೇ. ಆ ತಕ್ಕಡಿಯಲ್ಲಿ ಸತುವಿನ ಮೇಲೆ ದಿನಗಟ್ಟಲೆ ದುಡಿದವನಿಗೆ ಸೊನ್ನೆ.

ನಮ್ಮ ತಾಂಡಾಗಳ ಕಡೆಗೂ ನೋಡೋಣ. ನಾಣ್ಯ, ಕವಡೆ, ಮಣಿ, ಕನ್ನಡಿ ಚೂರು, ಬಿಳಿ ಲೋಹ ಸೇರಿಸಿ ಲಂಬಾಣಿ ಹೆಂಗಸರು ಕಟ್ಟಿಕೊಂಡ ಒಡವೆಗಳನ್ನು ನಾವು ಬಡವರ ಸಿಂಗಾರವೆಂದು ಕಡೆಗಣಿಸಿದೆವು. ಅದೇ ಸರ ದೊಡ್ಡ ನಗರದ ಗಾಜಿನ ಕಪಾಟು ಸೇರಿದರೆ 'ಎಥ್ನಿಕ್' ಆಗಿಬಿಡುತ್ತದೆ. ಬೆಲೆ ಏರುವುದು ಕಪಾಟಿನಲ್ಲಿ, ತಾಂಡಾದಲ್ಲಿ ಅಲ್ಲ. ಇದು ಯಾವ ನ್ಯಾಯ?

ಸರ್ಕಾರ ಏನೂ ಮಾಡಿಲ್ಲವೆಂದು ನಾವು ಹೇಳುತ್ತಿಲ್ಲ. 2006ರಲ್ಲಿ ಬಿದರಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಸಂತೋಷದ ಸಂಗತಿಗಳೇ. ಆದರೆ ಭೌಗೋಳಿಕ ಸೂಚಕ ಹೆಸರನ್ನು ಕಾಯುತ್ತದೆ, ಹೊಟ್ಟೆಯನ್ನಲ್ಲ. ಒಬ್ಬರ ಎದೆಯ ಮೇಲಿನ ಪದಕ ಉಳಿದವರ ಮನೆಯ ಒಲೆ ಹೊತ್ತಿಸುವುದಿಲ್ಲ. ವೇದಿಕೆಯಲ್ಲಿ ಕಲಾವಿದ, ಅಂಗಡಿಯಲ್ಲಿ ಕೂಲಿಯವ ಎಂಬ ಈ ಎರಡು ನಾಲಿಗೆಯ ಗೌರವ ಎಷ್ಟು ದಿನ? ಅಪ್ಪನ ಬೆನ್ನುನೋವನ್ನೂ ಸಂಪಾದನೆಯನ್ನೂ ಕಂಡ ಮಗ ಉಳಿ ಬಿಟ್ಟು ಆಟೋ ಹಿಡಿದರೆ ಅವನನ್ನು ದೂರುವ ಹಕ್ಕು ನಮಗಿಲ್ಲ.

ನಾವು ಕೇಳುವುದು ದಾನವಲ್ಲ. ರಸೀದಿಯಲ್ಲಿ ಲೋಹದ ಬೆಲೆ ಬೇರೆ, ಕೈಕೂಲಿ ಬೇರೆ ಎಂದು ಬರೆಯಲಿ. ಒಡವೆಯ ಜೊತೆಗೆ ಮಾಡಿದವರ ಹೆಸರಿನ ಚೀಟಿ ಇರಲಿ. ಕಲಿಯಲು ಬರುವ ಹುಡುಗ ಹುಡುಗಿಯರಿಗೆ ಹೊಟ್ಟೆ ತುಂಬುವಷ್ಟು ಭತ್ಯೆ ಸಿಗಲಿ. ಎಲ್ಲಕ್ಕಿಂತ ಮೊದಲು, ಕೊಳ್ಳುವ ನಾವು ಕೈಗೆಲಸದ ಮೇಲೆ ಚೌಕಾಸಿ ಮಾಡುವುದನ್ನು ಬಿಡೋಣ.

ಶರಣರು ಕಾಯಕಕ್ಕೆ ಘನತೆ ತಂದ ಕಲ್ಯಾಣ ಇಲ್ಲೇ ಹತ್ತಿರದಲ್ಲಿದೆ. ಅಲ್ಲಿಗೆ ಬಂದ ಕಿನ್ನರಿ ಬೊಮ್ಮಯ್ಯ ಅಕ್ಕಸಾಲಿಗನಾಗಿದ್ದವನು ಎಂಬುದನ್ನು ನಾವು ಬಲ್ಲೆವು. ದುಡಿದವನ ಕೂಲಿಯನ್ನು ತಡೆಹಿಡಿಯಬಾರದೆಂಬ ಬೋಧನೆಯನ್ನು ಮಸೀದಿಯಲ್ಲೂ ಕೇಳಿ ಬೆಳೆದಿದ್ದೇವೆ. ಎರಡೂ ಕಡೆ ತಲೆದೂಗಿ, ಅಂಗಡಿಯ ಮೆಟ್ಟಿಲು ಹತ್ತಿದ ಕೂಡಲೇ ಮರೆತುಬಿಡುವವರಿಗೆ ಬಿದರಿ ನಮ್ಮದು ಎಂದು ಹೇಳಿಕೊಳ್ಳುವ ಅಧಿಕಾರ ಎಲ್ಲಿಂದ ಬರಬೇಕು?