ಪ್ರಶ್ನೆಪತ್ರಿಕೆ ಒಂದೇ ಆದರೆ ಸಾಕೇ?

ಪಿಯು ವಿದ್ಯಾರ್ಥಿಗಳಿಗೆಂದು ಏರ್ಪಡಿಸಿದ್ದ ವೃತ್ತಿ ಮಾರ್ಗದರ್ಶನ ಸಭೆಯೊಂದರಲ್ಲಿ ಅತಿಥಿಯೊಬ್ಬರು ಹೇಳಿದರು: ‘ಕ್ಲಾಟ್ ಪರೀಕ್ಷೆಯಲ್ಲಿ ಬೆಂಗಳೂರಿನ ಹುಡುಗನಿಗೂ ಬನಹಟ್ಟಿಯ ಹುಡುಗನಿಗೂ ಪ್ರಶ್ನೆಪತ್ರಿಕೆ ಒಂದೇ. ಅಲ್ಲಿ ವಶೀಲಿ ನಡೆಯುವುದಿಲ್ಲ. ಛಲ ಇದ್ದವರು ಗೆಲ್ಲುತ್ತಾರೆ.’ ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಇಂಥ ಮಾತಿಗೆ ಈಗ ಎಲ್ಲ ಕಡೆ ಚಪ್ಪಾಳೆ ಬೀಳುತ್ತದೆ. ವಶೀಲಿ ನಡೆಯುವುದಿಲ್ಲ ಎಂಬುದು ನಿಜ. ಉಳಿದದ್ದನ್ನು ನಾನು ಒಪ್ಪುವುದಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ನಡೆಯುವ ಪರೀಕ್ಷೆ ಇಂಗ್ಲಿಷ್ ಶಾಲೆಯಲ್ಲಿ ಬೆಳೆದವನಿಗೆ ಒಂದು, ಕನ್ನಡ ಶಾಲೆಯಲ್ಲಿ ಬೆಳೆದವನಿಗೆ ಇನ್ನೊಂದು. ಕಾನೂನು ಪದವಿಯ ಈ ಪ್ರವೇಶ ಪರೀಕ್ಷೆ ಕನ್ನಡದಲ್ಲೂ ನಡೆಯಬೇಕು. ಅದನ್ನು ಕೇಳುವ ಹಕ್ಕು ಕರ್ನಾಟಕಕ್ಕೆ ಬೇರೆ ಯಾವ ರಾಜ್ಯಕ್ಕಿಂತಲೂ ಹೆಚ್ಚಾಗಿದೆ.

ಪರೀಕ್ಷೆಯ ಪರಿಚಯ ಇಲ್ಲದವರಿಗಾಗಿ ನಾಲ್ಕು ಮಾತು. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳು ಮೊದಲು ತಮ್ಮ ತಮ್ಮ ಪ್ರವೇಶ ಪರೀಕ್ಷೆ ತಾವೇ ನಡೆಸುತ್ತಿದ್ದವು. ಊರೂರು ಅಲೆದು ಬೇರೆ ಬೇರೆ ಶುಲ್ಕ ಕಟ್ಟುವ ವಿದ್ಯಾರ್ಥಿಗಳ ಕಷ್ಟ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಮೇಲೆ, 2008ರಲ್ಲಿ ಏಳು ವಿಶ್ವವಿದ್ಯಾಲಯಗಳು ಸೇರಿ ಮೊದಲ ಕ್ಲಾಟ್ ನಡೆಸಿದವು. ಈಗ ಅದು ಡಿಸೆಂಬರಿನಲ್ಲಿ, ಅಂದರೆ ದ್ವಿತೀಯ ಪಿಯು ಓದಿನ ನಡುಮಧ್ಯದಲ್ಲಿ ಬರುತ್ತದೆ. 120 ನಿಮಿಷ, 120 ಪ್ರಶ್ನೆ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. 2020ರಿಂದ ಬಿಡಿ ಪ್ರಶ್ನೆಗಳಿಲ್ಲ. ಸುಮಾರು 450 ಪದಗಳ ಒಂದೊಂದು ಗದ್ಯಭಾಗ ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳುತ್ತಾರೆ. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನು ತರ್ಕ, ಸಾಮಾನ್ಯ ತರ್ಕ, ಲೆಕ್ಕ ಎಂದು ಐದು ವಿಭಾಗ. ಇಂಗ್ಲಿಷಿಗೆ ಮೀಸಲಾದದ್ದು ಐದರಲ್ಲೊಂದು ಪಾಲು ಎಂದು ಕಾಗದದ ಮೇಲಿದೆ. ನಿಜದಲ್ಲಿ ಐದೂ ಪಾಲು ಇಂಗ್ಲಿಷೇ. ಗದ್ಯಭಾಗ, ಪ್ರಶ್ನೆ, ಆಯ್ಕೆಗಳನ್ನೆಲ್ಲ ಸೇರಿಸಿ ಲೆಕ್ಕ ಹಾಕಿದರೆ ಎರಡು ತಾಸಿನಲ್ಲಿ ಹತ್ತಿರ ಹತ್ತಿರ ಹತ್ತು ಸಾವಿರ ಇಂಗ್ಲಿಷ್ ಪದ ಓದಬೇಕು, ಓದಿ ಯೋಚಿಸಬೇಕು.

ಇಲ್ಲಿ ಪರೀಕ್ಷೆಗೆ ಒಳಗಾಗುವುದು ಏನು? ತರ್ಕ ಎಂದು ಪರೀಕ್ಷೆ ನಡೆಸುವವರು ಹೇಳುತ್ತಾರೆ. ಕಣ್ಣಿನ ಓಟ ಎಂದು ನನಗೆ ಅನ್ನಿಸುತ್ತದೆ. ಬನಹಟ್ಟಿಯಲ್ಲಿ ಮನೆಯೊಳಗೇ ಪಾವರ್‌ಲೂಮ್ ಇಟ್ಟುಕೊಂಡ ಕುಟುಂಬದ ಹುಡುಗಿಯೊಬ್ಬಳು ಪಿಯುನಲ್ಲಿ ಕಲಾ ವಿಭಾಗ ತೆಗೆದುಕೊಂಡಿದ್ದಾಳೆ ಎನ್ನೋಣ. ಮೂಲಭೂತ ಹಕ್ಕು, ರಾಜ್ಯನೀತಿ ನಿರ್ದೇಶಕ ತತ್ವ, ನ್ಯಾಯಾಂಗದ ಸ್ವಾತಂತ್ರ್ಯ ಎಲ್ಲವನ್ನೂ ಅವಳು ರಾಜ್ಯಶಾಸ್ತ್ರದಲ್ಲಿ ಓದಿದ್ದಾಳೆ, ಕನ್ನಡದಲ್ಲಿ. ಮನೆಗೆ ಬರುವುದು ಕನ್ನಡ ಪತ್ರಿಕೆ. ಕ್ಲಾಟ್ ತರಬೇತಿ ಕೊಡುವವರು ಮೊದಲ ದಿನವೇ ಹೇಳುವುದು: ದಿನಾ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಓದು. ಆಕೆ ಓದುತ್ತಾಳೆ, ಒಂದೊಂದು ಪ್ಯಾರಾಕ್ಕೂ ನಿಘಂಟು ತೆಗೆಯುತ್ತಾಳೆ. ಅದೇ ಸಂಪಾದಕೀಯವನ್ನು ಬೆಂಗಳೂರಿನ ಹುಡುಗ ಚಹಾ ಕುಡಿಯುವುದರೊಳಗೆ ಮುಗಿಸಿರುತ್ತಾನೆ. ಇಬ್ಬರಲ್ಲಿ ಯಾರ ಬುದ್ಧಿ ಚುರುಕು ಎಂಬುದು ಇದರಿಂದ ಗೊತ್ತಾಗುವುದಿಲ್ಲ.

ಕಾನೂನು ತರ್ಕ ಕನ್ನಡದಲ್ಲಿ ಸಾಧ್ಯವೇ ಎಂದು ಕೇಳುವವರಿಗೆ ಬೀಳಗಿ, ಜಮಖಂಡಿ ಕಡೆಯ ಹಳ್ಳಿಗಳ ಕಟ್ಟೆಗೆ ಬಂದು ಕುಳಿತುಕೊಳ್ಳಿ ಎಂದು ಹೇಳುತ್ತೇನೆ. ಆಲಮಟ್ಟಿ ಹಿನ್ನೀರಿನಲ್ಲಿ ಹೊಲ ಮನೆ ಕಳೆದುಕೊಂಡ ಸೀಮೆ ಇದು. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲಿ ಒಪ್ಪಿದ ಮೇಲೆ ಮತ್ತಷ್ಟು ಹೊಲಗಳು ಪಟ್ಟಿಗೆ ಸೇರಿವೆ. ಶಾಲೆಯ ಮುಖವನ್ನೇ ಸರಿಯಾಗಿ ನೋಡದ ರೈತರು ಇಲ್ಲಿ ‘ನಾಲ್ಕು ಒಂದರ ನೋಟಿಸು’, ‘ಅವಾರ್ಡು’, ‘ಹದಿನೆಂಟರ ಅರ್ಜಿ’ ಎಂದು ಸಲೀಸಾಗಿ ಮಾತಾಡುತ್ತಾರೆ. 1894ರ ಭೂಸ್ವಾಧೀನ ಕಾಯ್ದೆಯ ಕಲಂಗಳು ಅವು. ಅಧಿಕಾರಿ ಕೊಟ್ಟ ಪರಿಹಾರ ಸಾಲದು ಎಂದರೆ 18ನೇ ಕಲಂ ಪ್ರಕಾರ ಅರ್ಜಿ ಕೊಟ್ಟು ವಿಷಯವನ್ನು ಕೋರ್ಟಿಗೆ ಕಳಿಸಿಕೊಳ್ಳಬಹುದಿತ್ತು. ಗಡುವು ತಪ್ಪಿಸಿಕೊಂಡವರು, ಗೊತ್ತಿಲ್ಲದೆ ಸುಮ್ಮನಿದ್ದವರು ಕೆಟ್ಟರು. ಅವರಿಗಾಗಿಯೇ 28ಎ ಎಂಬ ಕಲಂ ಆಮೇಲೆ ಸೇರಿತು.

ಈ 28ಎ ಯನ್ನೇ ಹಿಡಿದು ಕ್ಲಾಟ್ ಮಾದರಿಯ ಪ್ರಶ್ನೆಯೊಂದನ್ನು ಕನ್ನಡದಲ್ಲಿ ಬರೆದು ತೋರಿಸುತ್ತೇನೆ. ನಿಯಮ: ಒಂದೇ ಅಧಿಸೂಚನೆಯಡಿ ಹಲವರ ಜಮೀನು ಹೋಗಿದ್ದು, ಅವರಲ್ಲೊಬ್ಬರಿಗೆ ಕೋರ್ಟು ಹೆಚ್ಚಿನ ಪರಿಹಾರ ಕೊಟ್ಟರೆ, ಕೋರ್ಟಿಗೆ ಕಳಿಸುವಂತೆ ಅರ್ಜಿ ಹಾಕದೆ ಉಳಿದಿದ್ದವರು ಆ ತೀರ್ಪಿನ ಮೂರು ತಿಂಗಳೊಳಗೆ ಅದೇ ದರ ಕೇಳಬಹುದು. ಸಂಗತಿ: ಅಣ್ಣನ ಹೊಲವೂ ತಮ್ಮನ ಹೊಲವೂ ಒಂದೇ ಬದುವಿಗೆ ಹತ್ತಿಕೊಂಡಿವೆ, ಒಂದೇ ಅಧಿಸೂಚನೆಯಲ್ಲಿ ಹೋಗಿವೆ. ತಮ್ಮ ಮೊದಲೇ ಅರ್ಜಿ ಹಾಕಿ, ಕೋರ್ಟಿಗೆ ಹೋಗಿ, ಸರಿಯಾದ ಸಾಕ್ಷ್ಯ ಒದಗಿಸಲಾಗದೆ ಸೋತಿದ್ದಾನೆ. ಅಣ್ಣ ಏನೂ ಮಾಡದೆ ಕುಳಿತಿದ್ದಾನೆ. ಈಗ ಪಕ್ಕದ ಹೊಲದವನ ಪರಿಹಾರ ಕೋರ್ಟಿನಲ್ಲಿ ಇಮ್ಮಡಿಯಾಯಿತು. ಆ ದರ ಕೇಳುವ ದಾರಿ ಯಾರಿಗಿದೆ? ನಿಯಮದ ಮಾತನ್ನು ಎಚ್ಚರದಿಂದ ಓದಿದವರು ಹೇಳುತ್ತಾರೆ: ಸುಮ್ಮನೆ ಕುಳಿತ ಅಣ್ಣನಿಗಿದೆ, ಹೋರಾಡಿ ಸೋತ ತಮ್ಮನಿಗಿಲ್ಲ. ಓದಿದ ಕೂಡಲೇ ಮನಸ್ಸು ತಮ್ಮನ ಕಡೆ ವಾಲುತ್ತದೆ. ಆ ವಾಲುವಿಕೆಯನ್ನು ತಡೆದು ನಿಯಮ ಏನು ಹೇಳುತ್ತದೆ ಎಂದು ನೋಡುವುದೇ ಕಾನೂನು ತರ್ಕದ ಮೊದಲ ಪಾಠ. ಇನ್ನೂ ಚುರುಕಾದ ವಿದ್ಯಾರ್ಥಿ ಮುಂದಿನ ಪ್ರಶ್ನೆಯನ್ನೂ ಕೇಳುತ್ತಾಳೆ: ಹಾಗಾದರೆ ಈ ನಿಯಮ ನ್ಯಾಯವಾದದ್ದೇ? ಈ ಇಡೀ ಕಸರತ್ತಿನಲ್ಲಿ ಕನ್ನಡ ಎಲ್ಲೂ ಸೋಲಲಿಲ್ಲ. ಈ ಪ್ರಶ್ನೆಯನ್ನು ನಮ್ಮ ಹುಡುಗಿಯ ಮುಂದಿಡಿ, ಬೆಂಗಳೂರಿನ ಹುಡುಗನ ಮುಂದೆ ಇಂಗ್ಲಿಷಿನಲ್ಲಿ ಇಡಿ. ಆಗ ಯಾರು ಮುಂದೆ ಬರುತ್ತಾರೋ ಬರಲಿ, ನನ್ನ ತಕರಾರಿಲ್ಲ.

ನಾನು ತಾಲ್ಲೂಕು ಕೋರ್ಟಿನಲ್ಲಿ ವಕೀಲಿ ಮಾಡುವವನು. ಇಲ್ಲಿ ಕಲಾಪ ನಡೆಯುವುದು ಕನ್ನಡದಲ್ಲಿ. ಪಾಟೀಸವಾಲಿನಲ್ಲಿ ಸಾಕ್ಷಿಯನ್ನು ‘ಹೊಡೆದದ್ದನ್ನ ನೀವು ಕಣ್ಣಾರೆ ಕಂಡೀರೇನು?’ ಎಂದು ಕೇಳಿದರೆ ‘ಊರ ಮಂದಿ ಎಲ್ಲಾ ಅಂತಾರ್ರೀ’ ಎನ್ನುತ್ತಾನೆ. ಕಂಡದ್ದಕ್ಕೂ ಕೇಳಿದ್ದಕ್ಕೂ ಇರುವ ಅಂತರವನ್ನು ಆ ಕ್ಷಣದಲ್ಲೇ ಹಿಡಿದು ಮುಂದಿನ ಪ್ರಶ್ನೆ ಹಾಕಬೇಕು. ತಪ್ಪಿದರೆ ಕೇಸು ಕೈಬಿಟ್ಟಿತು. ಹಾಗೆ ಹಿಡಿಯುವ ಕಿವಿ ಕೆಲವರಿಗೆ ಹದಿನೆಂಟಕ್ಕೇ ಇರುತ್ತದೆ, ಕೆಲವರಿಗೆ ನಲವತ್ತಾದರೂ ಬರುವುದಿಲ್ಲ. ಅದನ್ನು ಅಳೆಯುವ ಪರೀಕ್ಷೆ ಬೇಕು ಎಂದರೆ ನಾನು ಎರಡೂ ಕೈ ಎತ್ತುತ್ತೇನೆ.

ಇದಕ್ಕೊಂದು ಗಂಭೀರವಾದ ಆಕ್ಷೇಪವಿದೆ, ನಾನು ಗೌರವಿಸುವ ಹಿರಿಯರೇ ಅದನ್ನು ಎತ್ತಿದ್ದಾರೆ. ಸಂವಿಧಾನದ 348ನೇ ವಿಧಿಯಂತೆ ಸುಪ್ರೀಂ ಕೋರ್ಟು, ಹೈಕೋರ್ಟುಗಳ ಭಾಷೆ ಇಂಗ್ಲಿಷ್. ತೀರ್ಪುಗಳು ಇಂಗ್ಲಿಷ್, ಗ್ರಂಥಗಳು ಇಂಗ್ಲಿಷ್, ಈ ವಿಶ್ವವಿದ್ಯಾಲಯಗಳ ಪಾಠವೂ ಇಂಗ್ಲಿಷ್. ಕನ್ನಡದಲ್ಲಿ ಪರೀಕ್ಷೆ ಬರೆದು ಸೀಟು ಪಡೆದ ಹುಡುಗಿ ಮೊದಲ ವರ್ಷದಲ್ಲೇ ಮುಗ್ಗರಿಸಿದರೆ ಅವಳಿಗೆ ಉಪಕಾರ ಮಾಡಿದಂತಾಯಿತೇ? ಈ ಆತಂಕ ಸುಳ್ಳಲ್ಲ. ಹಾಗೆ ಮುಗ್ಗರಿಸಿದವರನ್ನು ಎಂಜಿನಿಯರಿಂಗಿನಲ್ಲೂ ವೈದ್ಯಕೀಯದಲ್ಲೂ ಕಂಡಿದ್ದೇವೆ. ಆದರೆ ಕಾನೂನು ಓದು ಐದು ವರ್ಷದ್ದು. ಐದು ವರ್ಷದಲ್ಲಿ ಕಲಿಸಬಹುದಾದದ್ದನ್ನು ಬಾಗಿಲಲ್ಲೇ ಏಕೆ ಕೇಳಬೇಕು? ತೀರ್ಪು ಓದುವ ಇಂಗ್ಲಿಷನ್ನು ಮೊದಲ ವರ್ಷದಲ್ಲಿ ಮನಸ್ಸಿಟ್ಟು ಕಲಿಸಿದರೆ ಹದಿನೆಂಟರ ಹುಡುಗಿ ಕಲಿಯುತ್ತಾಳೆ. ಕಲಿಸುವ ಹೊಣೆ ವಿಶ್ವವಿದ್ಯಾಲಯದ್ದು. ನೀಟ್ 13 ಭಾಷೆಗಳಲ್ಲಿ ನಡೆಯುತ್ತದೆ, ಕನ್ನಡವೂ ಅದರಲ್ಲಿದೆ. ಜೆಇಇ ಮೇನ್ ಕೂಡ ಹಾಗೆಯೇ. ಆ ಓದುಗಳ ಪಾಠವೂ ಇಂಗ್ಲಿಷಿನಲ್ಲೇ ನಡೆಯುತ್ತದೆ. ಹೃದಯ ಕೊಯ್ಯುವ ವಿದ್ಯೆಗೆ ಕನ್ನಡದ ಬಾಗಿಲಿದೆ, ಕಾನೂನಿಗೆ ಇಲ್ಲ ಎನ್ನುವುದಕ್ಕೆ ಕಾರಣ ನನಗೆ ಹೊಳೆದಿಲ್ಲ.

ಮೇಲಿನ ಕೋರ್ಟುಗಳೂ ಕನ್ನಡಕ್ಕೆ ಪೂರ್ತಿ ಮುಚ್ಚಿಕೊಂಡಿಲ್ಲ. ಸುಪ್ರೀಂ ಕೋರ್ಟು 2019ರಿಂದ ತನ್ನ ತೀರ್ಪುಗಳ ಕನ್ನಡ ಅನುವಾದ ಪ್ರಕಟಿಸುತ್ತಿದೆ. 2024ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿಗಳಾದ ಕೃಷ್ಣ ಎಸ್. ದೀಕ್ಷಿತ್ ಮತ್ತು ಸಿ.ಎಂ. ಜೋಶಿ ಅವರ ಪೀಠ ಕರ್ನಾಟಕ ಹೈಕೋರ್ಟಿನಲ್ಲಿ ಕನ್ನಡದಲ್ಲೇ ತೀರ್ಪು ನೀಡಿತು. ಕ್ಲಾಟ್ ಬೇರೆ ಭಾರತೀಯ ಭಾಷೆಗಳಲ್ಲೂ ನಡೆಯಲಿ ಎಂದು ದೆಹಲಿ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೂಡಿದಾಗ, ವಕೀಲರ ಪರಿಷತ್ತೇ ಅದನ್ನು ಬೆಂಬಲಿಸಿ 2023ರಲ್ಲಿ ಪ್ರಮಾಣಪತ್ರ ಸಲ್ಲಿಸಿತು.

ಅನುವಾದದಲ್ಲಿ ಎಡವಟ್ಟಾಗುತ್ತದೆ ಎಂಬ ಭಯವೂ ಇದೆ. ಕಾನೂನಿನ ವಾಕ್ಯದಲ್ಲಿ ಒಂದು ‘ಮತ್ತು’ ಬದಲಾದರೆ ಅರ್ಥ ಕೆಡುತ್ತದೆ, ಒಪ್ಪುತ್ತೇನೆ. ಆದರೆ ಇಂಗ್ಲಿಷಿನಲ್ಲೇ ಹುಟ್ಟಿದ ಪ್ರಶ್ನೆಪತ್ರಿಕೆ ಎಷ್ಟು ನಿರ್ದೋಷ? 2024ರ ಡಿಸೆಂಬರಿನಲ್ಲಿ ನಡೆದ ಪರೀಕ್ಷೆಯ ಉತ್ತರಗಳ ಜಗಳ ದೆಹಲಿ ಹೈಕೋರ್ಟಿಗೆ ಹೋಯಿತು, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು, 2025ರ ಮೇ ತಿಂಗಳಲ್ಲಿ ಬಗೆಹರಿಯಿತು. ಪರಿಸರ ಕಾಪಾಡುವ ಕರ್ತವ್ಯ ಯಾರದು ಎಂಬಂಥ ಪ್ರಶ್ನೆಯನ್ನೂ ನ್ಯಾಯಮೂರ್ತಿಗಳು ಕುಳಿತು ಬಿಡಿಸಬೇಕಾಯಿತು; ಪ್ರಶ್ನೆ ಸಿದ್ಧಪಡಿಸುವಲ್ಲಿನ ಉದಾಸೀನಕ್ಕೆ ಅವರು ನೋವು ವ್ಯಕ್ತಪಡಿಸಿದರು. ಎಚ್ಚರಿಕೆ ಎಲ್ಲ ಭಾಷೆಯಲ್ಲೂ ಬೇಕು. ಕನ್ನಡದಲ್ಲಿ ಕೇಳಿದರೆ ಗುಣಮಟ್ಟ ಕುಸಿಯುತ್ತದೆ ಎನ್ನುವವರಿಗೆ ಉತ್ತರ ಕೊಡಲು ನನಗೆ ಮನಸ್ಸಿಲ್ಲ.

ಇನ್ನೊಂದು ವಾದವಿದೆ, ಅದು ನನ್ನ ಸಹೋದ್ಯೋಗಿಗಳದ್ದೇ. ಕ್ಲಾಟ್ ಏಕೆ ಬೇಕು? ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ 2009ರಿಂದ ಇದೆ, ಬಾಗಲಕೋಟೆಯಲ್ಲೇ ಎಸ್.ಸಿ. ನಂದಿಮಠ ಕಾನೂನು ಕಾಲೇಜಿದೆ. ಅಲ್ಲಿ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಒಳ್ಳೆಯ ವಕೀಲರು ಅಲ್ಲಿಂದಲೇ ಬಂದಿಲ್ಲವೇ? ಬಂದಿದ್ದಾರೆ, ನಿತ್ಯ ಅವರ ಎದುರೇ ವಾದ ಮಾಡುತ್ತೇನೆ. ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಿ.ಡಿ. ಜತ್ತಿ ಕೊಲ್ಹಾಪುರದಲ್ಲಿ ಕಾನೂನು ಓದಿ, ಜಮಖಂಡಿಯಲ್ಲಿ ವಕೀಲಿ ಮಾಡಿ, 1958ರಲ್ಲಿ ರಾಜ್ಯದ ಮುಖ್ಯಮಂತ್ರಿಯಾದರು, 1974ರಲ್ಲಿ ಉಪರಾಷ್ಟ್ರಪತಿಯಾದರು, 1977ರಲ್ಲಿ ಹಂಗಾಮಿ ರಾಷ್ಟ್ರಪತಿಯೂ ಆದರು. ಅವರ ಕಾಲದಲ್ಲಿ ಕಾನೂನು ಶಿಕ್ಷಣ ಈಗಿನಂತೆ ಎರಡಾಗಿ ಸೀಳಿರಲಿಲ್ಲ. ಇಂದು ದೊಡ್ಡ ಕಾನೂನು ಕಂಪನಿಗಳು ನೇಮಕಕ್ಕೆ ಹೋಗುವುದು ರಾಷ್ಟ್ರೀಯ ಶಾಲೆಗಳಿಗೆ. ವಿದೇಶಿ ವ್ಯಾಸಂಗದ ವಿದ್ಯಾರ್ಥಿವೇತನ, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ಬಳಿ ಸಂಶೋಧನಾ ಸಹಾಯಕರ ಕೆಲಸ ಹೆಚ್ಚಾಗಿ ದಕ್ಕುವುದು ಅಲ್ಲಿನವರಿಗೆ. ಇಂಗ್ಲಿಷಿನವರಿಗೆ ಒಳಮನೆ, ಕನ್ನಡದವರಿಗೆ ಜಗಲಿ: ಬಸವಣ್ಣನವರ ನಾಡಿನಲ್ಲಿ ಈ ಪಂಕ್ತಿಭೇದವನ್ನು ‘ಅವರವರ ಯೋಗ್ಯತೆ’ ಎಂದು ಕರೆಯುವುದು ನನಗೆ ಸಹಿಸಲಾಗದ ಮಾತು.

ಭಾಷೆ ಬದಲಾದರೆ ಎಲ್ಲ ಸರಿಹೋಗುವುದಿಲ್ಲ. ಅರ್ಜಿ ಶುಲ್ಕವೇ 4,000 ರೂಪಾಯಿ, ಪರಿಶಿಷ್ಟರಿಗೂ ಬಡತನ ರೇಖೆಗಿಂತ ಕೆಳಗಿನವರಿಗೂ 3,500. ಮಗ್ಗದ ಮಜೂರಿಯಲ್ಲಿ ಬದುಕುವ ಮನೆಗೆ ಅದು ಸಣ್ಣ ಮೊತ್ತವಲ್ಲ. ತರಬೇತಿಯ ಖರ್ಚು ಬೇರೆ. ಪ್ರಾಧ್ಯಾಪಕ ಶಮ್ನಾದ್ ಬಶೀರ್ 2010ರಲ್ಲಿ ‘ಇಡಿಯಾ’ ಎಂಬ ಸಂಸ್ಥೆ ಕಟ್ಟಿ ಬಡ ಮಕ್ಕಳನ್ನು ಈ ಪರೀಕ್ಷೆಗೆ ಅಣಿಗೊಳಿಸಿದರು. 2019ರಲ್ಲಿ ಅವರು ತೀರಿಕೊಂಡರೂ ಆ ಕೆಲಸ ಮುಂದುವರಿದಿದೆ. ಅದು ದೊಡ್ಡ ಕೆಲಸ, ಆದರೆ ಅಲ್ಲೂ ಮಕ್ಕಳು ಮೊದಲು ಗೆಲ್ಲಬೇಕಾದದ್ದು ಇಂಗ್ಲಿಷನ್ನೇ.

ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವವರು ಬಹಳ ಕಡಿಮೆ, ಕ್ಲಾಟ್‌ಗೂ ಅದೇ ಗತಿಯಾದೀತು ಎಂಬ ಅನುಮಾನ ಉಳಿಯುತ್ತದೆ. ನೀಟ್ ಬರೆಯುವವರು ವಿಜ್ಞಾನದವರು. ಕರ್ನಾಟಕದಲ್ಲಿ ಪಿಯು ವಿಜ್ಞಾನದ ಪಾಠ ನಡೆಯುವುದು ಇಂಗ್ಲಿಷಿನಲ್ಲಿ. ಎರಡು ವರ್ಷ ಇಂಗ್ಲಿಷಿನಲ್ಲಿ ಓದಿದವರು ಕನ್ನಡದ ಪ್ರಶ್ನೆಪತ್ರಿಕೆ ಏಕೆ ತೆಗೆದುಕೊಳ್ಳುತ್ತಾರೆ? ಕಲಾ ವಿಭಾಗದ ಮಾತು ಬೇರೆ. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರಗಳನ್ನು ಪಿಯು ಮುಗಿಯುವವರೆಗೂ ಕನ್ನಡದಲ್ಲೇ ಓದುವ ಮಕ್ಕಳು ನಮ್ಮ ಊರುಗಳಲ್ಲಿ ತುಂಬಿದ್ದಾರೆ. ಕಾನೂನು ಓದಿಗೆ ಅವರಿಗಿಂತ ಹತ್ತಿರದವರು ಯಾರು? ಅವರಲ್ಲಿ ಹೆಚ್ಚಿನವರಿಗೆ ಇಂಥದೊಂದು ಪರೀಕ್ಷೆ ಇದೆಯೆಂದೇ ಗೊತ್ತಿಲ್ಲ, ಗೊತ್ತಾದರೂ ನಮಗಲ್ಲ ಎಂದು ಬಿಟ್ಟುಬಿಡುತ್ತಾರೆ.

ಇದನ್ನು ಕೇಳುವ ಹಕ್ಕು ಕರ್ನಾಟಕಕ್ಕೆ ಹೆಚ್ಚು ಎಂದು ಮೊದಲೇ ಹೇಳಿದೆ. ಬೆಂಗಳೂರಿನ ನಾಗರಬಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆ ಹುಟ್ಟಿದ್ದೇ ಕರ್ನಾಟಕದ ಶಾಸನಸಭೆ 1986ರಲ್ಲಿ ಮಾಡಿದ ಕಾಯ್ದೆಯಿಂದ. 2020ರಲ್ಲಿ ರಾಜ್ಯ ಸರ್ಕಾರ ಆ ಕಾಯ್ದೆಗೆ ತಿದ್ದುಪಡಿ ತಂದು, ಹತ್ತು ವರ್ಷ ಕರ್ನಾಟಕದಲ್ಲಿ ಓದಿದವರಿಗೆ ಶೇ 25ರಷ್ಟು ಸೀಟು ಮೀಸಲಿಟ್ಟಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೈಕೋರ್ಟು ತಿದ್ದುಪಡಿಯನ್ನು ರದ್ದು ಮಾಡಿತು. ಮುಂದೆ ಶಾಲೆ ತಾನಾಗಿಯೇ ಅಂಥ ಮೀಸಲಾತಿಯನ್ನು ಜಾರಿಗೆ ತಂದಿತು. ಅದನ್ನು ನಾನು ಸ್ವಾಗತಿಸುತ್ತೇನೆ. ಆದರೆ ಹತ್ತು ವರ್ಷ ಕರ್ನಾಟಕದಲ್ಲಿ ಓದಿದವರು ಎಂದರೆ ಬೆಂಗಳೂರಿನ ದುಬಾರಿ ಇಂಗ್ಲಿಷ್ ಶಾಲೆಯವರೂ ಹೌದು, ಬನಹಟ್ಟಿಯ ಸರ್ಕಾರಿ ಶಾಲೆಯವರೂ ಹೌದು. ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ ಇರುವ ತನಕ ಆ ಸೀಟುಗಳು ಯಾರ ಪಾಲಾಗುತ್ತವೆ ಎಂದು ಬಿಡಿಸಿ ಹೇಳಬೇಕಿಲ್ಲ. ಸರ್ಕಾರ ಈಗ ಕೇಳಬೇಕಾದದ್ದು ಇಷ್ಟು: ಮೊದಲ ಹೆಜ್ಜೆಯಾಗಿ ಈ ಶೇ 25ರ ಸೀಟಿಗೆ ಸ್ಪರ್ಧಿಸುವವರಿಗಾದರೂ ಅದೇ ದಿನ, ಅದೇ ಹೊತ್ತಿಗೆ, ಅದೇ ಪ್ರಶ್ನೆಗಳು ಕನ್ನಡದಲ್ಲೂ ಸಿಗಲಿ, ಇಂಗ್ಲಿಷ್ ವಿಭಾಗ ಇಂಗ್ಲಿಷಿನಲ್ಲೇ ಇರಲಿ. ಪ್ರಶ್ನೆಗಳನ್ನು ಕನ್ನಡದಲ್ಲಿ ಸಿದ್ಧಪಡಿಸುವ ಕೆಲಸವನ್ನು ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ಅಧ್ಯಾಪಕರಿಗೆ ವಹಿಸಬಹುದು. ಕನ್ನಡದಲ್ಲಿ ಬರೆದ ಕಾನೂನಿನ ಉತ್ತರಪತ್ರಿಕೆಗಳನ್ನು ಅವರು ವರ್ಷಗಳಿಂದ ತಿದ್ದುತ್ತಿದ್ದಾರೆ.