ಅರ್ಧಲ್ಲಿ ನಿಂದ ಪದ್ಯವ ಮುಗುಶುದು ತಪ್ಪಾ?

ಮನ್ನೆ ಬೆಂಡೆಕಾಯಿ ಕೊರದೊಂಡಿತ್ತಿದ್ದೆ. ಮಗಳು ಮೊಬೈಲಿಲಿ ಒಂದು ಇಂಗ್ಲಿಷು ಪದ್ಯ ಮಡಗಿತ್ತು. ಆ ಸ್ವರ ಕೇಳಿ ಎನ್ನ ಕೈ ನಿಂದತ್ತು. "ಆರಿದು?" ಕೇಳಿದೆ.

"ಐರ್ಲೆಂಡಿನ ಕ್ರ್ಯಾನ್‌ಬೆರೀಸ್ ಹೇಳ್ತ ಬ್ಯಾಂಡು ಅಮ್ಮ. ಹಾಡಿದ್ದು ಡೊಲೊರೆಸ್ ಒರಿಯೊರ್ಡಾನ್. ಅದು ಈಗ ಇಲ್ಲೆ. ಈ ಪದ್ಯ ಬಂದದು ಅದು ತೀರಿಹೋದ ಮೇಲೆ" ಹೇಳಿತ್ತು.

ಸತ್ತೋರ ಸ್ವರವ ಹೀಂಗೆ ಮಾರ್ಲಾಗ ಹೇಳಿ ಎನಗೆ ಸುರುವಿಂಗೆ ಕಂಡತ್ತು. ಕತೆ ಪೂರ್ತಿ ಗೊಂತಾದ ಮೇಲೆ ಅಭಿಪ್ರಾಯ ಬದಲಿತ್ತು.

ಲಿಮರಿಕ್ ಹೇಳ್ತ ಊರಿಲಿ ನೋಯೆಲ್, ಮೈಕ್ ಹೇಳ್ತ ಅಣ್ಣ-ತಮ್ಮಂದ್ರು, ಡ್ರಮ್ಮು ಬಡಿವ ಫರ್ಗಲ್ ಇದ್ದ ಬ್ಯಾಂಡಿಂಗೆ 1990ರಲ್ಲಿ ಡೊಲೊರೆಸ್ ಬಂದು ಸೇರಿತ್ತು. 1993ರಲ್ಲಿ ಸುರುವಾಣ ಆಲ್ಬಮ್. ‘ಡ್ರೀಮ್ಸ್’, ‘ಲಿಂಗರ್’ ಅದರಲ್ಲೇ ಇಪ್ಪದು. ಅದೇ ವರ್ಷ ಇಂಗ್ಲೆಂಡಿನ ವಾರಿಂಗ್ಟನ್ ಪೇಟೆಲಿ ಬಾಂಬು ಹೊಟ್ಟಿ ಎರಡು ಮಾಣಿಯಂಗೊ ಸತ್ತವು. ಒಂದಕ್ಕೆ 3 ವರ್ಷ, ಇನ್ನೊಂದಕ್ಕೆ 12. ಆ ಸಂಕಟಲ್ಲಿ ಡೊಲೊರೆಸ್ ಬರದ್ದದು ‘ಜಾಂಬಿ’. 1994ರ ‘ನೋ ನೀಡ್ ಟು ಆರ್ಗ್ಯೂ’ ಆಲ್ಬಮಿಲಿ ಅದು ಬಂತು. ಅದೇ ಆಲ್ಬಮಿಲಿ ಮನೆಯವರ ನೆಂಪಿನ ‘ಓಡ್ ಟು ಮೈ ಫ್ಯಾಮಿಲಿ’ಯೂ ಇದ್ದು. ಹೆಚ್ಚಿನವಕ್ಕೆ ‘ಜಾಂಬಿ’ ಒಂದೇ ಗೊಂತು.

2017ರಲ್ಲಿ ಅದು ಹೊಸ ಪದ್ಯಂಗೊಕ್ಕೆ ಡೆಮೊ ಹೇಳಿ ಸ್ವರ ರೆಕಾರ್ಡು ಮಾಡಿ ಮಡಗಿತ್ತು. 2018 ಜನವರಿ 15ಕ್ಕೆ ಲಂಡನಿಲಿ ತೀರಿಹೋತು, ಬರೀ 46 ವರ್ಷ. ಒಳುದ ಮೂರು ಜೆನ ಅದರ ಮನೆಯವರ ಒಪ್ಪಿಗೆ ಕೇಳಿ, ಆ ಸ್ವರಕ್ಕೆ ಗಿಟಾರು, ಡ್ರಮ್ಮು ಸೇರ್ಸಿದವು. ಸುರುವಾಣ ಆಲ್ಬಮ್ ಮಾಡ್ಸಿದ ಸ್ಟೀಫನ್ ಸ್ಟ್ರೀಟನ ಹತ್ರವೇ ಹೋದವು. 2019ರ ಏಪ್ರಿಲಿಲಿ 11 ಪದ್ಯದ ‘ಇನ್ ದಿ ಎಂಡ್’ ಬಂತು. ಅದು ಎಂಟನೇ ಆಲ್ಬಮ್, ಅಕೇರಿಯಾಣದ್ದು. ಬೇರೆ ಹಾಡುವವರ ತಂದು ನಿಲ್ಸಿದ್ದವಿಲ್ಲೆ, ಬ್ಯಾಂಡನ್ನೇ ಮುಗುಶಿದವು.

ಎಂಗಳ ಅತ್ತೆ ತೀರಿಹೋದ ವರ್ಷ ಮೆಡಿ ಉಪ್ಪಿಲಿ ಹಾಕಿ ಭರಣಿಯ ಬಾಯಿ ಕಟ್ಟಿ ಮಡಗಿತ್ತಿದ್ದವು. ಹೊರಡಿ ಕಡವಲಪ್ಪಗ ಅವು ಇಲ್ಲೆ. ಆ ಭರಣಿಯ ತುಂಬಾ ದಿನ ಆರೂ ಮುಟ್ಟಿದ್ದವಿಲ್ಲೆ. ಅಕೇರಿಗೆ ದೊಡ್ಡ ಅಕ್ಕ "ಅತ್ತೆ ಇದರ ಇಡ್ಕಲೆ ಹೇಳಿ ಹಾಕಿದ್ದಾ?" ಹೇಳಿ ಮೆಣಸು ಹೊರುದತ್ತು. ಅತ್ತೆಯ ಅಳತೆಲೇ ಕಡದೆಯೊ°. ಮಾವ ಎರಡು ಮೆಡಿ ಹಾಕ್ಸಿಗೊಂಡವು, ಎಂತದೂ ಹೇಳಿದ್ದವಿಲ್ಲೆ.

ಡೊಲೊರೆಸ್ ಇದ್ದಿದ್ದರೆ ಆ ಪದ್ಯಂಗಳ ಇನ್ನೊಂದರಿ ಚೆಂದಕ್ಕೆ ಹಾಡ್ತಿತ್ತೋ ಏನೋ. ಅತ್ತೆ ಇದ್ದಿದ್ದರೆ ಹೊರಡಿಯೂ ಬೇರೆ ಆವ್ತಿತ್ತು. ಆದರೆ ಅರ್ಧಲ್ಲಿ ಬಿಡುದೇ ಮರ್ಯಾದಿ ಹೇಳಿ ಎನಗೆ ಕಾಣ್ತಿಲ್ಲೆ. ಹೋದವು ಸುರು ಮಾಡಿದ ಕೆಲಸ ಆಯೆಕು, ಮನೆಯವು ಒಪ್ಪೆಕು, ಕೈ ಹಾಕುವವು ಸಂಗಾತ ದುಡುದವೇ ಆಯೆಕು. ಈ ಮೂರು ಇದ್ದರೆ ಮುಗುಶುದೇ ಸರಿ. ಈಗ ಕಂಪ್ಯೂಟರಿಲಿ ಸತ್ತೋರ ಸ್ವರವ ಹೊಸತ್ತು ಮಾಡ್ಲೂ ಎಡಿಗಡ. ಅದು ಎನಗೆ ಬೇಡ. ಅಂಗಡಿ ಉಪ್ಪಿನಕಾಯಿಯ ಅತ್ತೆದು ಹೇಳಿ ಬಳುಸಿದ ಹಾಂಗೆ ಅದು.

ಪುರುಸೊತ್ತು ಮಾಡಿಗೊಂಡು ಸುರುವಾಣ ಆಲ್ಬಮಿಂದ ಅಕೇರಿಯಾಣದ್ದರ ವರೆಗೆ ಕೇಳಿ. ‘ಜಾಂಬಿ’ ಒಂದಕ್ಕೇ ನಿಲ್ಸೆಡಿ. ಮತ್ತೆ ಹೇಳಿ, ನಿಂಗೊ ಆ ಭರಣಿಯ ಎಂತ ಮಾಡ್ತಿತ್ತಿ?